ಚಕ್ಕುಲಿಯ ಹೆಬ್ಬೆಟ್ಟು

ರಾಕೆಟ್ಟು ಹತ್ತದೆಯೇ ಆಕಾಶದ ವ್ಯಾಜ್ಯ ಬಗೆಹರಿಸಿದವನು ಈ ಭೂಮಿಯ ಮೇಲೆ ನಾನೊಬ್ಬನೇ. ನಂಬದಿದ್ದರೆ ನಮ್ಮ ವಠಾರದ ಮಾಲೀಕ ನಂಜರಾಜಯ್ಯನವರನ್ನೇ ಕೇಳಿ.

ಅವರಿಗೆ ಒಂದೇ ಹುಚ್ಚು. ಮೊದಮೊದಲು ಬಾಹ್ಯಾಕಾಶಕ್ಕೆ ಹೋಗಿಬಂದವರ ಫೋಟೊ ಕೂಡಿಸುವುದು. ಅದರ ಮೇಲೆ ಹೋದವರ ಸ್ವಂತ ಸಹಿ ಇರಲೇಬೇಕು. ಒಂದು ದಿನ ಧೂಳು ಒರೆಸಲು ಎಲ್ಲವನ್ನೂ ಜಗಲಿಯ ಮೇಲೆ ಹರಡಿದ್ದರು. ನನ್ನ ನಾಯಿ ಚಕ್ಕುಲಿ ಕೆಸರುಗಾಲಲ್ಲಿ ಬಂದು, ಒಂದು ಸಹಿಯ ಪಕ್ಕದಲ್ಲೇ ಅಚ್ಚುಕಟ್ಟಾಗಿ ಪಾದ ಊರಿ ಹೋಯಿತು.

"ಸಂಜೆಯೊಳಗೆ ಆ ನಾಯಿ ವಠಾರ ಬಿಡಬೇಕು. ಇಲ್ಲವಾದರೆ ನೀನೂ ಅದರ ಹಿಂದೆಯೇ ನಡಿ!" ಎಂದು ಗುಡುಗಿದರು.

ನಾನು ಕೈಕಟ್ಟಿ ನಿಂತೆ. "ಆಗಲಿ ಸ್ವಾಮಿ. ಮನುಷ್ಯರಿಗಿಂತ ಮುಂಚೆ ಭೂಮಿಗೆ ಸುತ್ತು ಹಾಕಿದ್ದು ಯಾರು?"

"ನಾಯಿ. ನನಗೇ ಪಾಠ ಹೇಳ್ತೀಯಾ?"

"ಅದರ ಸಹಿ ತಮ್ಮ ಹತ್ತಿರ ಇದೆಯೇ?"

"ನಾಯಿ ಸಹಿ ಹಾಕುತ್ತದೇನಯ್ಯಾ, ತಲೆಹರಟೆ!"

"ಅಕ್ಷರ ಬಾರದವರು ಹೆಬ್ಬೆಟ್ಟು ಒತ್ತುತ್ತಾರಲ್ಲ ಸ್ವಾಮಿ. ಪಾಪ, ಆ ನಾಯಿ ಆಕಾಶಕ್ಕೆ ಹೋದದ್ದು ಹಿಂತಿರುಗಲಿಲ್ಲ. ಅದರ ಪರವಾಗಿ ನಮ್ಮ ಚಕ್ಕುಲಿ ಒತ್ತಿದೆ. ಒಂದೇ ಕುಲದವರು ನೋಡಿ."

ನಂಜರಾಜಯ್ಯ ಫೋಟೊವನ್ನು ಬೆಳಕಿಗೆ ಹಿಡಿದರು. ಮೀಸೆ ಒಮ್ಮೆ ಅದುರಿತು. "ಇಂಥದ್ದು ಬೇರೆ ಯಾರ ಹತ್ತಿರವೂ ಇರಲಾರದು, ಅಲ್ಲವೇನೋ?" ಎಂದು ಮೆಲ್ಲಗೆ ಕೇಳಿ ಒಳಗೆ ಹೋದರು.

ಸಂಜೆ ನಮ್ಮ ಬಾಗಿಲಿಗೆ ತಾವೇ ಬಂದರು. ಒಂದು ಕೈಯಲ್ಲಿ ಬಿಸ್ಕತ್ತು, ಇನ್ನೊಂದರಲ್ಲಿ ಹೊಸ ಫೋಟೊ ಮತ್ತು ಶಾಯಿ ಪ್ಯಾಡು.

"ಇದಕ್ಕೂ ಒಂದು ಒತ್ತಿಸಯ್ಯಾ."

"ಮಲಗಿದೆ ಸ್ವಾಮಿ. ದೊಡ್ಡವರ ಸಹಿ ಅಂದಮೇಲೆ ಸ್ವಲ್ಪ ಕಾಯಬೇಕು."

ಮಾಲೀಕರು ನಮ್ಮ ಮೆಟ್ಟಿಲ ಮೇಲೆ ಕುಳಿತು ಕಾದರು.