ಒಂದು ಬೆರಳಿನ ಆಟ

“ಗುರುಗಳೇ, ಮನಸ್ಸಿಗೂ ಕೈಗೂ ನಡುವೆ ಎಳ್ಳಷ್ಟೂ ಸಡಿಲ ಇಲ್ಲದಂತೆ ನನ್ನನ್ನು ಬಿಗಿದುಕೊಡಲು ಸಾಧ್ಯವೇ?” ಎಂದು ನಿಜಗುಣ ಕೇಳಿದ. ಆಗತಾನೆ ಮಠದ ಅಡುಗೆಮನೆಗೆ ಸೌದೆ ಒಡೆದು ಬಂದಿದ್ದ. ಕೊಡಲಿ ಇನ್ನೂ ಕೈಯಲ್ಲೇ ಇತ್ತು. “ನಸುಕಿನಲ್ಲಿ ಏಳಬೇಕೆನ್ನುತ್ತೇನೆ, ಮೈ ಏಳುವುದಿಲ್ಲ. ಜಪಕ್ಕೆ ಕೂರಬೇಕೆನ್ನುತ್ತೇನೆ, ಕಾಲು ಬೇರೆಲ್ಲೋ ಹೋಗುತ್ತದೆ. ಆ ಕರಿಬಸವನನ್ನು ನೋಡಿ, ಅಂದದ್ದೇ ತಡ, ಮಾಡಿ ಮುಗಿಸುತ್ತಾನೆ. ನೀವೂ ಎಲ್ಲರೆದುರು ಅವನನ್ನೇ ಹೊಗಳುತ್ತೀರಿ.”

ಕರಿಬಸವ ಅವನ ಜೊತೆಯ ಶಿಷ್ಯ. ಅಂಗಳದಲ್ಲಿ ಬಗ್ಗಿ, ಒಡೆದ ಸೌದೆ ಆಯುತ್ತಿದ್ದ. ಗುರುಗಳು ಅತ್ತ ಒಮ್ಮೆ ನೋಡಿದರು.

“ಬಿಗಿಯೋಣ, ಅದೇನು ಮಹಾ! ಮೊದಲು ಕೊಡಲಿ ಕೆಳಗಿಡು. ಕೂತು ಕೇಳು,” ಎಂದರು.

ಒಬ್ಬ ವ್ಯಾಪಾರಿಯಿದ್ದ. ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ವಾರಕ್ಕೊಮ್ಮೆ ಜೀಪಿನಲ್ಲಿ ಬೆಟ್ಟ ಹತ್ತುವನು. ಮೇಲಿನ ಹಟ್ಟಿಗಳಿಗೆ ಉಪ್ಪು, ಬೆಲ್ಲ ಒಯ್ದು, ಸೀಗೆಕಾಯಿ, ಜೇನು ತರುವನು. ದಾರಿಯೆಂದರೆ ಬರೀ ಕಲ್ಲು. ಎಡಕ್ಕೆ ಉದ್ದಕ್ಕೂ ಕಮರಿ. ಜೀಪು ಹಳೆಯದು. ಸ್ಟೇರಿಂಗ್ ನಾಲ್ಕು ಬೆರಳು ತಿರುಗಿದ ಮೇಲೆ ಚಕ್ರಕ್ಕೆ ಸುದ್ದಿ ಮುಟ್ಟುತ್ತಿತ್ತು. ಇದಕ್ಕೆ ಗಾಡಿ ರಿಪೇರಿಯ ಮೇಸ್ತ್ರಿಗಳು ‘ಆಟ’ ಎನ್ನುತ್ತಾರೆ. ಸ್ಟೇರಿಂಗ್‌ನಲ್ಲಿ ಆಟ ಜಾಸ್ತಿಯಾಗಿದೆ ಅಂತ.

ವ್ಯಾಪಾರಿಗೆ ಆ ಆಟ ಸಾಕಾಗಿಹೋಯಿತು. ಬೆಟ್ಟ ಹತ್ತುವ ಹೊಸ ಬಂಡಿ ಬೇಕೆಂದು ತಾನೇ ಕಾರ್ಖಾನೆಗೆ ಹೋದ. ಬಣ್ಣ ಕೇಳಲಿಲ್ಲ, ಸೀಟು ನೋಡಲಿಲ್ಲ. ಆರ್ಡರು ಹಾಳೆಯಲ್ಲಿ ಒಂದೇ ಮಾತು ಬರೆಸಿದ: ಸ್ಟೇರಿಂಗ್‌ನಲ್ಲಿ ಆಟ ಕೂಡದು.

ಅಲ್ಲಿನ ಮುದಿ ಮೇಸ್ತ್ರಿ ಹಾಳೆ ಓದಿ ಹೇಳಿದ, “ಸಾಹುಕಾರ್ರೇ, ಒಂದು ಬೆರಳಿನಷ್ಟಾದರೂ ಬಿಡ್ತೀವಿ. ಕೈ ಅಂದಮೇಲೆ ಏನೇನೋ ಅನ್ನುತ್ತೆ. ಅದನ್ನೆಲ್ಲ ಬಂಡಿ ಕೇಳಬಾರದು.”

“ನಾನು ಬಂದಿರೋದು ಬಂಡಿಗೆ, ಆಟಕ್ಕಲ್ಲ,” ಎಂದ ವ್ಯಾಪಾರಿ.

“ಇಂಥದ್ದು ಹಿಂದೆ ಒಂದು ಮಾಡಿದ್ವಿ.”

“ಹೇಗೆ ಓಡ್ತಿದೆ?”

“ಇನ್ನೂ ಹುಡುಕ್ತಾ ಇದ್ದಾರೆ,” ಎಂದು ಮೇಸ್ತ್ರಿ ರುಜು ಹಾಕಿಸಿಕೊಂಡ.

ಮೂರು ತಿಂಗಳಿಗೆ ಬಂಡಿ ಬಂತು. ಅಬ್ಬಾ, ಏನು ಬಂಡಿ! ಕೈ ತಿರುಗುವ ಮುಂಚೆಯೇ ಚಕ್ರ ತಿರುಗಿರುತ್ತಿತ್ತು. ವ್ಯಾಪಾರಿ ಒಬ್ಬನೇ ಬೆಟ್ಟ ಹತ್ತಿ ಇಳಿದ. ಹೂವೆತ್ತಿದಂತೆ ಹೋಗಿಬಂತು. ಮಾರನೆಯ ವಾರ ತಮ್ಮನೂ ಜೊತೆಗೆ ಕೂತ. ಮೂರನೆಯ ತಿರುವಿನಲ್ಲಿ ಬಂಡಿ ಎಡಕ್ಕೆ ಒಂದು ಗೇಣು ಸರಿಯಿತು. ಕಲ್ಲೊಂದು ಕಮರಿಗೆ ಬಿತ್ತು. ಅದು ತಳ ಮುಟ್ಟಿದ ಸದ್ದು ಎಷ್ಟು ಹೊತ್ತಾದರೂ ಕೇಳಲಿಲ್ಲ.

ವ್ಯಾಪಾರಿ ಊರಿನ ಮೇಸ್ತ್ರಿಯ ಹತ್ತಿರ ಹೋಗಿ, ಬಂಡಿ ಎಡಕ್ಕೆ ಎಳೆಯುತ್ತದೆ ಎಂದು ರೇಗಾಡಿದ. ಮೇಸ್ತ್ರಿ ತಾನೇ ಬೆಟ್ಟಕ್ಕೆ ಓಡಿಸಿ ನೋಡಿದ. ನೆಟ್ಟಗೆ ಹೋಯಿತು. ವ್ಯಾಪಾರಿಯ ಕೈಗೆ ಕೊಟ್ಟು ತಾನು ಪಕ್ಕದಲ್ಲಿ ಕೂತ. ಆಗಲೂ ನೆಟ್ಟಗೆ ಹೋಯಿತು. ಎಡಗಡೆ ಉಪ್ಪಿನ ಮೂಟೆಯಿಟ್ಟು ನೋಡಿದರು. ನೆಟ್ಟಗೇ ಹೋಯಿತು.

“ಎಳೆದ ದಿನ ಇಲ್ಲಿ ಯಾರು ಕೂತಿದ್ದರು?” ಎಂದು ಮೇಸ್ತ್ರಿ ಕೇಳಿದ.

“ನನ್ನ ತಮ್ಮ.”

ಮೇಸ್ತ್ರಿ ಬಹಳ ಹೊತ್ತು ಕೈ ಒರೆಸಿಕೊಂಡ. “ತಮ್ಮನ ಜೊತೆ ಹೋಗೋದಾದರೆ ನಡೆದೇ ಹೋಗಿ, ಸಾಹುಕಾರ್ರೇ,” ಎಂದು ಹೇಳಿ ಒಳಗೆ ಹೋದ.

ನಗಬೇಡ ನಿಜಗುಣ, ವ್ಯಾಪಾರಿಯೂ ನಕ್ಕಿದ್ದ. ತಮ್ಮನ ಮೇಲೆ ಅವನಿಗೆ ಹಗೆಯೇನೂ ಇರಲಿಲ್ಲ. ಒಂದೇ ತಟ್ಟೆಯಲ್ಲಿ ಉಂಡವರು. ಆದರೆ ಬಂಡಿ ಕಂಡ ಕೂಡಲೇ ಹಟ್ಟಿಯವರು ಓಡಿಬಂದು, “ಚಿಕ್ಕಸಾಹುಕಾರ್ರು ಬಂದ್ರಾ?” ಎಂದು ಕೇಳುತ್ತಿದ್ದರು. ಅಣ್ಣನನ್ನು ಆಮೇಲೆ ಮಾತಾಡಿಸುತ್ತಿದ್ದರು. ಅಷ್ಟೇ, ಅದಕ್ಕಿಂತ ಹೆಚ್ಚೇನಿಲ್ಲ.

ಮತ್ತೊಂದು ವಾರ ಇಬ್ಬರೂ ಹೊರಟರು. ಹಾಡುಹಗಲು, ಒಣಗಿದ ದಾರಿ. ಮೂರನೆಯ ತಿರುವಿಗೆ ಬಂದಾಗ ಮೇಲಿನ ಹಟ್ಟಿಯಿಂದ ಯಾರೋ ತಮ್ಮನ ಹೆಸರು ಹಿಡಿದು ಕೂಗಿದರು. ತಮ್ಮ ಕೈಯೆತ್ತಿ ಓಗೊಟ್ಟ. ಬಂಡಿ ಎಡಕ್ಕೆ ಹೊರಳಿತು. ವ್ಯಾಪಾರಿ ಬ್ರೇಕು ತುಳಿದಾಗ ಮುಂದಿನ ಎಡಚಕ್ರ ಗಾಳಿಯಲ್ಲಿ ತಿರುಗುತ್ತಿತ್ತು.

“ಅಯ್ಯೋ ದೇವರೇ, ನಾನಲ್ಲ ಕಣೋ! ಬಂಡಿ ಎಳೀತು!” ಎಂದು ಅಣ್ಣ ಕಿರುಚಿದ.

ತಮ್ಮ ಅಲುಗಾಡದೆ ಕೂತಿದ್ದ. ಅವನ ಮುಖದಲ್ಲಿ ಗಾಬರಿ ಇರಲಿಲ್ಲ. ಹೆದರಿಕೆಯಾಗುವುದು ಅದಕ್ಕೇ.

“ಹಳೇ ಜೀಪಲ್ಲೂ ಈ ತಿರುವಿನಲ್ಲಿ ನಿನ್ನ ಕೈ ಹೀಗೇ ಬರ್ತಿತ್ತು, ಅಣ್ಣಾ,” ಎಂದ. “ಹತ್ತು ವರ್ಷದಿಂದ ನೋಡ್ತಾ ಇದ್ದೀನಿ. ಚಕ್ರ ಕೇಳಿಸ್ಕೊಳ್ತಿರಲಿಲ್ಲ, ಅಷ್ಟೇ.”

ಮೆಲ್ಲಗೆ ಹಿಂದಿನಿಂದ ಇಳಿದು, ತಿರುಗಿ ನೋಡದೆ ಬೆಟ್ಟ ಇಳಿದುಹೋದ. ವ್ಯಾಪಾರಿ ಎರಡೂ ಕೈಗಳನ್ನು ತೊಡೆಯ ಕೆಳಗೆ ಅದುಮಿಕೊಂಡು ಕೂತ. ಹಟ್ಟಿಯವರು ಬಂದು ಎಳೆದು ಇಳಿಸುವವರೆಗೂ ಹಾಗೆಯೇ ಕೂತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಅಂಗಳದಲ್ಲಿ ಕರಿಬಸವ ಇನ್ನೂ ಬಗ್ಗಿಕೊಂಡು ಸೌದೆ ಆಯುತ್ತಿದ್ದ. ನಿಜಗುಣ ಎದ್ದು, ಉಳಿದ ಕೊರಡು ಒಡೆಯಲೆಂದು ಕೊಡಲಿಯತ್ತ ಕೈಚಾಚಿದ.

“ಆಗಲೇ ಕರಿಬಸವ ನಿನ್ನ ಮುಂದೆ ಬಗ್ಗಿದಾಗ ಎತ್ತಿದ ಕೊಡಲಿ ಒಂದು ಗಳಿಗೆ ಮೇಲೇ ನಿಂತಿತಲ್ಲ ನಿಜಗುಣ, ಈಗ ಹೇಳು, ಬಿಗಿಯಲೇ?” ಎಂದರು ಗುರುಗಳು.