ಸ್ವರ್ಗದ ರೇಟು

ತುಮಕೂರಿನ ಬಸ್ ಕಂಡಕ್ಟರ್ ಗಂಗರತ್ನ ಮನೆ ಕೊಳ್ಳಲು ಹೋಗಿದ್ದಳು. ಮಾಲೀಕರಾದ ರುದ್ರಾರಾಧ್ಯರು ಮೀಸೆ ತಿರುವಿದರು.

"ಇದು ಬಡಾವಣೆಯಲ್ಲಮ್ಮ, ಸ್ವರ್ಗ. ದಿನವಿಡೀ ನೀರು. ಅಕ್ಕಪಕ್ಕದವರು ದೇವರಂಥವರು. ರೇಟು ಏರ್ತಾನೇ ಇದೆ. ಎಂಬತ್ತು ಲಕ್ಷ, ಚೌಕಾಸಿ ಇಲ್ಲ."

ಗಂಗರತ್ನ ಕೈಮುಗಿದಳು. "ಹಾಗಾದ್ರೆ ಬೇಡ ಸ್ವಾಮಿ. ಈ ವಯಸ್ಸಲ್ಲಿ ನಿಮ್ಮನ್ನ ಸ್ವರ್ಗದಿಂದ ಹೊರಗೆ ಹಾಕಿದ ಪಾಪ ನನಗ್ಯಾಕೆ?" ಎಂದು ಚಪ್ಪಲಿ ಮೆಟ್ಟಿದಳು.

ಆರಾಧ್ಯರಿಗೆ ಗಾಬರಿಯಾಯಿತು. "ನಿಲ್ಲಮ್ಮ! ಎಲ್ಲಿಯ ಸ್ವರ್ಗ? ನೀರು ಬರೋದು ವಾರಕ್ಕೊಮ್ಮೆ. ಪಕ್ಕದ ಮನೆಯವನು ನಮ್ಮ ಗೇಟಿಗೇ ಅಡ್ಡವಾಗಿ ಕಾರು ನಿಲ್ಲಿಸಿ, ಕೇಳಿದ್ರೆ ಜಗಳಕ್ಕೆ ಬರ್ತಾನೆ. ಇಲ್ಲಿಂದ ಪಾರಾದ್ರೆ ಸಾಕಾಗಿದೆ ನನಗೆ!"

ಗಂಗರತ್ನ ಜಗಲಿಯ ಮೇಲೆ ನೆಮ್ಮದಿಯಾಗಿ ಕೂತಳು.

"ನೀರು ಹಿಡಿದಿಟ್ಕೋತೀನಿ. ಜಗಳ ನನಗೆ ಬಸ್ಸಲ್ಲಿ ದಿನಾ ಇದ್ದದ್ದೇ. ಸ್ವರ್ಗದ ರೇಟು ಕೇಳಿದ್ದಾಯ್ತು, ಈಗ ಈ ಮನೆಯದು ಹೇಳಿ."

ಆರಾಧ್ಯರು ಬೆವರೊರೆಸಿಕೊಂಡು ಐವತ್ತೈದಕ್ಕೆ ಇಳಿದರು.