ಏಳು ತಲೆಗೆ ಒಂದೇ ಬಾಗಿಲು

ಭಾನುವಾರ ಬಂತೆಂದರೆ ಪ್ರಾಣೇಶರಾಯರ ಜಗಲಿಯಲ್ಲಿ ಕಥೆಯಾಟ. ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಏಟು ಬಿತ್ತೋ ತಪ್ಪಿತೋ ಎಂದು ದಾಳ ಉರುಳಿಸಿ ನೋಡಬೇಕು. ಕಥೆ ನಡೆಸುವವರು ರಾಯರು, ಅವರು ಹೇಳಿದ್ದೇ ವೇದವಾಕ್ಯ. ಬಸ್ ಕಂಡಕ್ಟರ್ ರುದ್ರಮ್ಮನ ಪಾತ್ರ ಸೊಂಟದ ಮೇಲೆ ಹೆಂಗಸು, ಕೆಳಗೆ ನಾಲ್ಕು ಕಾಲಿನ ಕುದುರೆ.

ಕಥೆಯಲ್ಲಿ ಗುಹೆ ಬಂತು. ರಾಯರು ಮೂಗು ಮುರಿದರು. "ಬಾಗಿಲು ಮೊಳದಗಲ. ಆ ಕುದುರೆ ಮೈ ಹೊತ್ಕೊಂಡು ಹೇಗಮ್ಮ ಒಳಗೆ ಹೋಗ್ತೀರಿ? ಹೊರಗೇ ನಿಂತಿರಿ."

"ಆಯ್ತು ಸಾರ್, ನಿಂತೆ," ಅಂದಳು ರುದ್ರಮ್ಮ. "ಬಾಗಿಲಿಗೆ ಬೆನ್ನು ಹಾಕಿ ನಿಂತೆ."

ಅಷ್ಟಕ್ಕೇ ಬಿಡುತ್ತಾರೆಯೇ ರಾಯರು? "ಗುಹೆಯೊಳಗಿಂದ ಏಳು ತಲೆಯ ರಾಕ್ಷಸ ನಿಮ್ಮನ್ನ ನುಂಗೋಕೆ ಬಂದ!" ಎಂದು ಅಬ್ಬರಿಸಿದರು.

"ಬರಲಿ ಸಾರ್. ಮೊಳದಗಲದ ಬಾಗಿಲಲ್ಲಿ ಒಂದು ಸಲಕ್ಕೆ ಎಷ್ಟು ತಲೆ ಹಿಡಿಸುತ್ತೆ?"

ರಾಯರು ಕೈಯಲ್ಲೇ ಮೊಳ ಅಳೆದು ನೋಡಿದರು. "ಒಂದು" ಎಂದರು ಮೆಲ್ಲಗೆ.

ರುದ್ರಮ್ಮ ಎದ್ದು ನಿಂತು, ಬಸ್ಸಿನಲ್ಲಿ ಕೂಗುವ ಹಾಗೇ ಕೂಗಿದಳು: "ನೂಕಾಡ್ಬೇಡ್ರಪ್ಪಾ, ಒಬ್ಬೊಬ್ರೇ ಇಳೀರಿ!"

ದಾಳ ಉರುಳಿತು. ಮೊದಲ ತಲೆ ಇಣುಕಿತು, ಹಿಂಗಾಲಿನ ಒದೆ ಬಿತ್ತು. ಎರಡನೆಯದಕ್ಕೂ ಅದೇ ಪ್ರಸಾದ.

"ಯಾರ್ರೀ ಮುಂದಿನೋರು?" ಎಂದಳು ರುದ್ರಮ್ಮ.

ರಾಯರು ಹಣೆ ಒರೆಸಿಕೊಂಡರು. "ಮಿಕ್ಕ ಐದೂ ಒಳಗೇ ನಿಂತು 'ತಾವು ಮೊದಲು, ತಾವು ಮೊದಲು' ಅಂತಿವೆಯಮ್ಮ."